ಕಾವು ಹಿಡಿಯದ ಬೀಜ

ನಮ್ಮ ಶಾಲೆಯ ಕಚೇರಿಗೆ ಮೊದಲ ಸಲ ಬಂದವರು ಬಾಗಿಲಲ್ಲೇ ತಡೆದು ಮೂಗು ಅರಳಿಸುತ್ತಿದ್ದರು. ಹಳೆಯ ಕಾಗದಗಳ ಧೂಳಿನ ನಡುವೆ ಒಂದು ಹುಳಿ ವಾಸನೆ. ಅದನ್ನು ಮುಚ್ಚಲೆಂದು ಧಾರಾಳವಾಗಿ ಹಚ್ಚಿಕೊಂಡ ಮಲ್ಲಿಗೆ ಅತ್ತರಿನ ಘಮ. ಎರಡೂ ಒಬ್ಬರ ಮೈಯಿಂದಲೇ ಬರುತ್ತಿದ್ದವು. ಅವರು ನಮ್ಮ ಗುಮಾಸ್ತರು. ಹುಣಸಗಿ ಕಡೆಯ ಆ ಸರಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದಷ್ಟು ಕಾಲ ಕಚೇರಿಯ ಮೂಲೆಯ ಮೇಜು ಅವರದಾಗಿತ್ತು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಡವಾಗಿ. ಬೇರೆ ಯಾರೂ ಅವರ ಬಗ್ಗೆ ಬರೆಯಲಾರರು ಎನ್ನಿಸಿ ಕೂತಿದ್ದೇನೆ.

ನಾನು ಕೆಲಸಕ್ಕೆ ಹಾಜರಾದ ದಿನ ಅವರು ನನ್ನ ಆದೇಶದ ಪ್ರತಿಯನ್ನು ಕೈಗೆ ತೆಗೆದುಕೊಂಡರು, ಓದಲಿಲ್ಲ. ಬಿಳಿ ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿ, ಎಡಗೈಯನ್ನು ನನ್ನ ಮುಖದ ಹತ್ತಿರ ಚಾಚಿದರು.

"ಅಕ್ಕೋರ, ಜರಾ ಮೂಸಿ ನೋಡ್ರಿ. ಮೊನ್ನಿ ಶೆರೆ ನಾತ ಹೊಡೀತಿತ್ತು. ಇವತ್ತು ಸಿರ್ಕಾದಂಗ ಹುಳಿ ಆಗ್ಯಾದ. ಹೌದಿಲ್ಲೋ?"

ಹೆಡ್ ಮಾಸ್ತರರು ಆ ಕಡೆ ಕೂತು ನಕ್ಕರು. ನಾನು ಶಹಾಪುರದ ಕಡೆ ಕುರಿ ಸಾಕುವ ಮನೆಯಲ್ಲಿ ಬೆಳೆದವಳು, ವಾಸನೆಗೆ ಹೇಸುವವಳಲ್ಲ. ಮೂಸಿ, "ಹೌದ್ರಿ, ಹುಳಿ ಅದ" ಎಂದೆ. ಅವರಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಶಾಲೆಯಲ್ಲಿ ಅವರ ಬೀಜದ ಕಥೆ ಕೇಳುವ ಕೆಲಸ ನನ್ನ ಪಾಲಿಗೆ ಬಂತು.

ಬೀಜವೆಂದರೆ ಕೋಕೋ. ಚಾಕಲೇಟು ಮಾಡುವ ಕೋಕೋ. ಯಾದಗಿರಿ ಜಿಲ್ಲೆಯ ಬಿಸಿಲಲ್ಲಿ ಅದನ್ನು ಬೆಳೆಯುತ್ತೇನೆಂದು ಹೊರಟವರನ್ನು ನೋಡಿ ಜನ ನಕ್ಕಿದ್ದರಲ್ಲಿ ತಪ್ಪೇನೂ ಇಲ್ಲ. ಹಿಂದೊಮ್ಮೆ ಮಕ್ಕಳ ಪ್ರವಾಸದ ಜೊತೆ ಕರಾವಳಿಗೆ ಹೋಗಿದ್ದ ಅವರು, ಮಕ್ಕಳೆಲ್ಲ ಸಮುದ್ರ ನೋಡಿ ಕುಣಿಯುತ್ತಿದ್ದಾಗ ಯಾರದೋ ತೋಟದ ಬೇಲಿಯ ಬಳಿ ನಿಂತು, ಕಾಂಡಕ್ಕೇ ಅಂಟಿಕೊಂಡು ಜೋತುಬಿದ್ದ ಹಳದಿ ಕಾಯಿಗಳನ್ನು ನೋಡುತ್ತಿದ್ದರಂತೆ. ಬರುವಾಗ ಚೀಲದಲ್ಲಿ ಒಂದು ಕಾಯಿ. ಶಿಕ್ಷಕರ ಕೋಣೆಯಲ್ಲಿ ಅದನ್ನು ಒಡೆದು, ಬೀಜಕ್ಕೆ ಸುತ್ತಿದ ಬಿಳಿ ಲೋಳೆಯನ್ನು ಎಲ್ಲರ ಬಾಯಿಗೂ ಹಾಕಿದರು. ಚೀಪಿದವರೆಲ್ಲ ಸೀತಾಫಲ ಇದ್ದಂಗದ ಎಂದರಂತೆ. ಮರುವರ್ಷವೇ ಅವರು ಸಸಿ ತರಿಸಿದರು.

ಅವರಿಗೆ ಇದ್ದದ್ದು ತಂದೆಯ ಕಾಲದಲ್ಲಿ ಸರಕಾರ ಕೊಟ್ಟ ಒಂದು ತುಂಡು ಜಮೀನು. ಊರ ಹೊರಗಿನ ಕೇರಿಯ ಮನೆತನ ಅವರದು. ತಂದೆ ಬೌದ್ಧರಾಗಿದ್ದರು, ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವೊಂದೇ ಇರುತ್ತಿತ್ತು. ಕೊಟ್ಟಾಗ ಆ ಜಮೀನು ಬರೀ ಕಲ್ಲು, ಯಾರಿಗೂ ಬೇಡವಾದದ್ದು. ಆಮೇಲೆ ಕಾಲುವೆ ಬಂತು, ನೀರು ಹರಿಯಿತು, ಇವರು ತೆಂಗು ಹಚ್ಚಿದರು. ತೆಂಗಿನ ನೆರಳಲ್ಲಿ ಕೋಕೋ, ಕೋಕೋ ಸುತ್ತ ಬಾಳೆ. ಕಾಲುವೆ ನಿಲ್ಲುವ ಬೇಸಿಗೆಗೆಂದು ಒಂದು ಹೊಂಡ ತೋಡಿಸಿದರು. ಏಪ್ರಿಲ್ ತಿಂಗಳಲ್ಲಿ ಶಾಲೆ ಬಿಟ್ಟ ಕೂಡಲೇ ಓಡಿಹೋಗಿ ಎಲೆಗಳ ಮೇಲೆ ನೀರು ಚಿಮುಕಿಸುತ್ತಿದ್ದರು.

"ಈ ಮನುಷ್ಯಾಗ ನನಕಿಂತ ಆ ಗಿಡದ ಮ್ಯಾಲೆ ಜೀವ ಜಾಸ್ತಿ," ಎಂದು ಅವರ ಹೆಂಡತಿ ನನ್ನೆದುರೇ ಹೇಳಿದ್ದುಂಟು. "ಹಬ್ಬಕ್ಕ ನನಗ ಸೀರಿ ತರಂಗಿಲ್ಲ, ಗಿಡಕ್ಕ ನೆರಳ ಪರದೆ ತರ್ತಾರ."

"ನಿನಗ ಬಿಸಿಲು ತಡಕೊಳ್ಳೋ ಶಕ್ತಿ ಅದ, ಅದಕ್ಕಿಲ್ಲ," ಎನ್ನುವುದು ಅವರ ಉತ್ತರ.

ಗಿಡ ಕಾಯಿ ಬಿಟ್ಟಿತು. ಆದರೆ ಕಾಯಿ ಬಿಟ್ಟರೆ ಕೆಲಸ ಮುಗಿಯುವುದಿಲ್ಲ ಎಂಬುದು ಅವರಿಗೆ ಆಗಲೇ ತಿಳಿದದ್ದು. ಕಾಯಿ ಒಡೆದು ತೆಗೆದ ಹಸಿಬೀಜವನ್ನು ಲೋಳೆಯ ಸಮೇತ ಮರದ ಪೆಟ್ಟಿಗೆಗೆ ತುಂಬಿ, ಬಾಳೆಎಲೆ ಹೊದಿಸಿ, ಸುಮಾರು ಒಂದು ವಾರ ಕೊಳೆಹಾಕಬೇಕು. ಆಗ ರಾಶಿ ತಾನಾಗಿ ಬಿಸಿಯಾಗುತ್ತದೆ. ಆ ಕಾವಿನಲ್ಲೇ ಬೀಜದ ಕಹಿ ಕರಗಿ ಒಳಗೆ ಪರಿಮಳ ಹುಟ್ಟುತ್ತದೆ. ಆಮೇಲೆ ಬಿಸಿಲಲ್ಲಿ ಒಣಗಿಸುವುದು. ಬೀಜ ರಾಶಿಯಾಗಿ ಇರಬೇಕು, ಪೆಟ್ಟಿಗೆ ತುಂಬಬೇಕು. ಒಂದು ಬುಟ್ಟಿ ಬೀಜ ಎಷ್ಟು ಮುಚ್ಚಿಟ್ಟರೂ ಬಿಸಿಯಾಗುವುದಿಲ್ಲ. ಅವರೊಬ್ಬರ ತೋಟದ ಬೀಜ ಪೆಟ್ಟಿಗೆಯ ತಳ ಮುಚ್ಚುತ್ತಿತ್ತು, ಅಷ್ಟೇ.

ಹಾಗಾಗಿ ಅವರು ಊರ ಬೆನ್ನು ಹತ್ತಿದರು. ಕಾಲುವೆ ಪಕ್ಕ ತೆಂಗು ಇದ್ದ ಸಣ್ಣ ರೈತರ ಮನೆಮನೆಗೆ ಹೋಗಿ, ಅಂಗಳದಲ್ಲಿ ನಿಂತು, ಕೋಕೋ ಹಚ್ಚಿರೆಂದು ಬೇಡಿಕೊಂಡರು. ಮೊದಲು ಒಪ್ಪಿದವರು ಅವರ ಬಾಲ್ಯದ ಗೆಳೆಯ, ಪಕ್ಕದ ತೋಟದವರು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಮೆತ್ತನೆಯ ಮನುಷ್ಯ, ಯಾರಿಗೂ ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಗೆಳೆಯ ಹಚ್ಚಿದ್ದನ್ನು ನೋಡಿ ಉಳಿದವರು ಹಚ್ಚಿದರು. ಒಂದು ಸಂಘವಾಯಿತು. ಗೆಳೆಯರ ಹತ್ತಿರ ಟ್ರ್ಯಾಕ್ಟರು, ದೊಡ್ಡ ತಗಡಿನ ಶೆಡ್ಡು ಇದ್ದುದರಿಂದ ಅವರೇ ಅಧ್ಯಕ್ಷರಾದರು. ಪೆಟ್ಟಿಗೆಗಳು ಆ ಶೆಡ್ಡಿನಲ್ಲಿ ಕೂತವು. ಎಲ್ಲರ ಬೀಜವೂ ಒಂದೇ ಪೆಟ್ಟಿಗೆಗೆ. ರಾಶಿಯನ್ನು ತಿರುವಿಹಾಕುವ ಕೆಲಸ ನಮ್ಮ ಗುಮಾಸ್ತರದು. ಬೇರೆ ಯಾರನ್ನೂ ಅವರು ಅದಕ್ಕೆ ಬಿಡುತ್ತಿರಲಿಲ್ಲ. ಮೊಣಕೈವರೆಗೆ ಎಡಗೈ ಇಳಿಸಿ, ಕಣ್ಣು ಮುಚ್ಚಿ ನಿಂತು, "ಬಂತು ನೋಡ್ರಿ ಕಾವು" ಎಂದು ಕೂಗುವುದನ್ನು ನಾನೇ ನೋಡಿದ್ದೇನೆ. ಬೆಳಿಗ್ಗೆ ತಿರುವಿಹಾಕಿ, ಕೈ ತೊಳೆದು, ಅತ್ತರು ಹಚ್ಚಿಕೊಂಡು ಶಾಲೆಗೆ ಬರುವುದು.

ಜಂಬ ಬಹಳ. ತಲೆ ಬಾಚಿಕೊಳ್ಳದೆ ಯಾರೊಡನೆಯೂ ಮಾತಾಡುತ್ತಿರಲಿಲ್ಲ, ಕಿಸೆಯಲ್ಲಿ ಬಾಚಣಿಗೆ ಇರುತ್ತಿತ್ತು. ತಪಾಸಣೆಗೆ ಬಂದ ಅಧಿಕಾರಿಗೂ ಮೊದಲು ಕೋಕೋ ಹಾಲು ಕುಡಿಸಿ, "ಹೆಂಗದ ಹೇಳ್ರಿ, ಆಮ್ಯಾಲೆ ಫೈಲು" ಎನ್ನುತ್ತಿದ್ದರು. ಮೈಸೂರು ಕಡೆಯ ಒಬ್ಬ ಚಾಕಲೇಟು ತಯಾರಕ ಊರಿಗೆ ಬಂದು, ಒಣಗಿದ ಬೀಜವನ್ನು ಕತ್ತರಿಸಿ, ಮೂಸಿ, ಬಾಯಿಗೆ ಹಾಕಿಕೊಂಡು, ಒಣದ್ರಾಕ್ಷಿಯ ವಾಸನೆ ಇದೆ, ಹೊಸ ಬೆಲ್ಲದ ವಾಸನೆ ಇದೆ, ಇಂಥದ್ದು ಸುಲಭಕ್ಕೆ ಸಿಗುವುದಿಲ್ಲ ಎಂದಾಗ ಅಧ್ಯಕ್ಷರು ಎಲ್ಲರೆದುರು ಇವರನ್ನು ತಬ್ಬಿಕೊಂಡರಂತೆ. ಮರುದಿನ ಶಾಲೆಯಲ್ಲಿ ಅದನ್ನು ಎಷ್ಟು ಸಲ ಹೇಳಿದರೋ. ಪ್ರತಿ ಸಲ ಹೇಳುವಾಗಲೂ ತಬ್ಬಿಕೊಂಡದ್ದು ಇನ್ನಷ್ಟು ಬಿಗಿಯಾಗುತ್ತಿತ್ತು.

ಆ ಒಂದೆರಡು ವರ್ಷ ಅವರು ಸುಖವಾಗಿದ್ದರು ಎಂದು ನಾನು ಹೇಳಬಲ್ಲೆ.

ಬೀಜವನ್ನೆಲ್ಲ ಹೊರಗೆ ಕಳಿಸುವ ಬದಲು ನಾವೇ ಏಕೆ ತಿಂಡಿ ಮಾಡಬಾರದು ಎಂಬ ಯೋಚನೆ ಸಂಘಕ್ಕೆ ಬಂದದ್ದು ಆಮೇಲೆ. ಸದಸ್ಯರ ಮನೆಯ ಹೆಣ್ಣುಮಕ್ಕಳು ಬೀಜ ಹುರಿದು, ಸಿಪ್ಪೆ ಕೇರಿ, ಬೀಸಿ, ಬೆಲ್ಲ ಮತ್ತು ಶೇಂಗಾ ಕೂಡಿಸಿ ಉಂಡಿ ಕಟ್ಟಿದರು. ಒಂದು ದೀಪಾವಳಿಗೆ ಕಟ್ಟಿದ್ದು ಊರೆಲ್ಲ ಹಂಚಿಹೋಯಿತು. ಸುರಪುರದಿಂದಲೂ ಕೇಳಿಕೊಂಡು ಬಂದರು. ಉಂಡಿಯ ಹದ ಹೇಳಿಕೊಟ್ಟವರು ನಮ್ಮ ಗುಮಾಸ್ತರೇ. ಅಷ್ಟರಲ್ಲಿ ಅಧ್ಯಕ್ಷರ ಮಗಳ ಮದುವೆ ನಿಶ್ಚಯವಾಯಿತು. ಯುಗಾದಿ ಕಳೆದ ಮೇಲೆ ಮದುವೆ. ಊಟದಲ್ಲಿ ಲಾಡು ಬೇಡ, ನಮ್ಮದೇ ಉಂಡಿ ಬಡಿಸೋಣ ಎಂದಾಯಿತು. ಅದಕ್ಕೆ ಬೇಕಾದ ಬೀಜವನ್ನು ಆ ಚಳಿಗಾಲದ ಬೆಳೆಯಿಂದಲೇ ತೆಗೆಯಬೇಕಿತ್ತು.

ಒಂದು ದಿನ ಅವರು ಕಚೇರಿಗೆ ಬಂದಾಗ ಅಂಗಿಯ ತೋಳು ಮಡಚಿರಲಿಲ್ಲ. ಮಣಿಕಟ್ಟಿನ ಗುಂಡಿಯೂ ಹಾಕಿತ್ತು. ಅತ್ತರಿನ ವಾಸನೆ ಮಾತ್ರ ಬರುತ್ತಿತ್ತು.

"ಏನಾತ್ರಿ ಸರ?" ಎಂದೆ.

"ಚಹಾ ಕುಡಿಸಿ ಕಳಿಸಿದ್ರು ಅಕ್ಕೋರ."

ಹಿಂದಿನ ಸಂಜೆ ಶೆಡ್ಡಿನಲ್ಲಿ ಸಂಘದ ಸಭೆ ಇತ್ತಂತೆ. ಅಧ್ಯಕ್ಷರೇ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಗಲ ಮೇಲೆ ಕೈಯಿಟ್ಟು ಹೇಳಿದರಂತೆ: "ದೋಸ್ತ, ನಂದೇನೂ ಇಲ್ಲ, ನೀ ಬಲ್ಲಿ. ಬೀಗರು ಕೇಳ್ಯಾರ, ಇದು ಯಾರ ಕೈಯಾಗ ಆಗ್ತದಂತ. ಬೀಜ ಪ್ಯಾಟಿಗೆ ಹೋಗೂ ತನಕ ಯಾರೂ ಕೇಳಿದ್ದಿಲ್ಲ. ಈಗ ಮಂದಿ ಬಾಯಿಗೆ ಹೋಗೋದದ. ಮದಿವಿ ಆಗೂತನ ನಿನ್ನ ಬೀಜ ಬ್ಯಾರೆ ಇಡು. ಪೆಟ್ಟಿಗಿಗೆ ಕೈ ಹಚ್ಚಬ್ಯಾಡ."

"ಮದಿವಿ ಆದ ಮ್ಯಾಲೆ?" ಎಂದು ಇವರು ಕೇಳಿದರು.

"ಆಮ್ಯಾಲೆ ನೋಡೂಣು."

ಉಳಿದ ಸದಸ್ಯರು ನೆಲ ನೋಡುತ್ತ ಕೂತಿದ್ದರಂತೆ. ಒಬ್ಬನಾದರೂ ಮಾತಾಡಿದನೇ ಎಂದು ಕೇಳಿದೆ.

"ಮಾತಾಡಿದ್ರು. ಬಿಸ್ಕೀಟು ತಗೋರಿ ಅಂದ್ರು."

ನನಗೆ ಸಿಟ್ಟು ಬಂತು. ಇದು ಕಾನೂನಿಗೆ ವಿರುದ್ಧ, ದೂರು ಕೊಡಿ, ನಾನೂ ಜೊತೆಗೆ ಬರುತ್ತೇನೆ ಎಂದೆ. ಅವರು ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡುತ್ತ ಕೂತರು.

"ಏನಂತ ಬರೀಲ್ರಿ ಅಕ್ಕೋರ? 'ನನ್ನ ಬೀಜ ಇವರ ಬೀಜದಾಗ ಕೂಡಿಸ್ರಿ' ಅಂತ ಬರೀಲೇನು? ಯಾರೂ ಬೈದಿಲ್ಲ. ಯಾರೂ ಹೊಡದಿಲ್ಲ. ಹೊರಗ ಕೂಡಸಿಲ್ಲ. ಚಹಾನೂ ಎಲ್ಲಾರಿಗೂ ಕಾಗದದ ಕಪ್ಪಿನಾಗ ಕೊಟ್ಟಾರ, ನನಗೂ ಅವರಿಗೂ ಒಂದೇ ಕಪ್ಪು. ನಮ್ಮಪ್ಪಗ ಬೈತಿದ್ರು, ಅವ ತಿರುಗಿ ಬೈತಿದ್ದ. ನಾ ಯಾರಿಗೆ ಬೈಲಿ? ಹೆಗಲ ಮ್ಯಾಲೆ ಕೈ ಇಟ್ಟಾವಗ?"

ಅವರ ತೋಟದಲ್ಲಿ ಕಾಯಿ ಹಣ್ಣಾಗಿ ನಿಂತಿದ್ದವು. ಬಿಟ್ಟರೆ ಅಳಿಲು ತಿಂದುಹೋಗುತ್ತವೆ. ಅವರು ಹಲಗೆಯಿಂದ ಒಂದು ಸಣ್ಣ ಪೆಟ್ಟಿಗೆ ಮಾಡಿಸಿ, ತಮ್ಮದೊಂದೇ ಬೀಜವನ್ನು ಮನೆಯಲ್ಲಿ ಕೊಳೆಹಾಕಲು ನಿರ್ಧರಿಸಿದರು. ಸಾಧ್ಯವಿಲ್ಲ ಎಂಬುದು ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಆದರೂ ಮಾಡಿದರು. ಅದು ಚಳಿಗಾಲ ಬೇರೆ. ಒಂದು ಭಾನುವಾರ ನಾನು ಹೋದಾಗ ಪೆಟ್ಟಿಗೆಯನ್ನು ಅಡುಗೆಮನೆಗೆ ತಂದು ಒಲೆಯ ಪಕ್ಕ ಇಟ್ಟಿದ್ದರು. ಮೇಲೆ ಬಾಳೆಎಲೆ, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಮನೆಯಲ್ಲಿದ್ದ ಕೌದಿಗಳೆಲ್ಲ.

"ಬಾಣಂತಿ ಖೋಲಿ ಮಾಡ್ಯಾರ ನೋಡ್ರಿ ಅಕ್ಕೋರ," ಎಂದರು ಅವರ ಹೆಂಡತಿ. "ನನ್ನ ಬಾಣಂತನದಾಗ ಇಷ್ಟು ಬೆಚ್ಚಗ ಇಟ್ಟಿದ್ದಿಲ್ಲ. ಮೈಮ್ಯಾಲೆ ಹೊಚ್ಚಿಕೊಳ್ಳಾಕ ಒಂದು ಕೌದಿ ಉಳಿಸಿಲ್ಲ." ನಗುತ್ತ ಹೇಳಿದರು. ಆದರೆ ಗಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ.

ನಾನು ಬಸ್ಸು ಹತ್ತಿ ತವರಿಗೆ ಹೋಗಿ ಅವ್ವನ ಕರಿ ಕಂಬಳಿ ತಂದುಕೊಟ್ಟೆ. ಕುರಿ ಮೇಯಿಸುವವರು ಮೈಗೆ ಸುತ್ತಿಕೊಳ್ಳುವ ಕಂಬಳಿ; ಅದರೊಳಗೆ ಇಡೀ ಚಳಿಗಾಲ ಬಯಲಲ್ಲಿ ಕಳೆಯಬಹುದು. ಅವರು ಅದನ್ನು ಮಗುವಿಗೆ ಸುತ್ತಿದ ಹಾಗೆ ಪೆಟ್ಟಿಗೆಗೆ ಸುತ್ತಿದರು. ಆಮೇಲೆ ಅಂಚಿನಿಂದ ಕೈ ಇಳಿಸಿ, ಎಂದಿನಂತೆ ಕಣ್ಣು ಮುಚ್ಚಿ ನಿಂತರು.

"ಬಂದದ," ಎಂದರು. ನಾವಿಬ್ಬರೂ ಹತ್ತಿರ ಹೋದೆವು. ಅವರು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಕಣ್ಣು ಬಿಟ್ಟರು.

"ಇಲ್ಲ. ನನ್ನ ಕೈನೇ ಬೆಚ್ಚಗದ."

ಆ ವಾರದ ಕೊನೆಗೆ ಪೆಟ್ಟಿಗೆ ತೆರೆದಾಗ ಬೀಜಗಳಿಗೆ ಬೂದು ಬೂಷ್ಟು ಹಿಡಿದಿತ್ತು. ಒಂದನ್ನು ಕತ್ತರಿಸಿ ನನಗೆ ತೋರಿಸಿದರು. ಒಳಗೆ ಕಂದು ಬಣ್ಣ ಬರಬೇಕಾದಲ್ಲಿ ನೇರಳೆ ಹಣ್ಣಿನ ಬಣ್ಣ. ನಾಲಿಗೆಗೆ ಇಟ್ಟರೆ ಬರೀ ಕಹಿ. ಎಲ್ಲವನ್ನೂ ಗುಂಡಿ ತೋಡಿ ಮುಚ್ಚಿದರು. ಕಂಬಳಿಯನ್ನು ಅವರ ಹೆಂಡತಿ ಎಷ್ಟು ಒಗೆದರೂ ಅಂಟು ಹೋಗಲಿಲ್ಲ. ಅದನ್ನು ಹಿಂದಕ್ಕೆ ಕೊಡಲು ಬಂದಾಗ ಆಕೆ ಅತ್ತರು. ನಾನು ತೆಗೆದುಕೊಳ್ಳಲಿಲ್ಲ.

ಮದುವೆಗೆ ಅಧ್ಯಕ್ಷರು ತಾವೇ ಬಂದು ಕರೆದರು. ಶಾಲೆಗೆ ಬಂದು ನಮ್ಮೆಲ್ಲರಿಗೂ ಕಾರ್ಡು ಕೊಟ್ಟು, ಇವರಿಗೆ ಮಾತ್ರ ಕಾರ್ಡಿನ ಜೊತೆ ಕುಪ್ಪಸದ ಬಟ್ಟೆ, ಟವೆಲ್ಲು ಕೊಟ್ಟರು. "ನೀ ಬರಲಿಲ್ಲಂದ್ರ ನಾ ಅಕ್ಷತಿ ಹಾಕಂಗಿಲ್ಲ ದೋಸ್ತ," ಎಂದರು. ಅವರ ಕಣ್ಣು ನಿಜವಾಗಿ ತುಂಬಿದ್ದವು. ಅದನ್ನು ನೆನೆದಾಗಲೇ ನನಗೆ ಹೆಚ್ಚು ಭಯವಾಗುತ್ತದೆ. ಆ ಮನುಷ್ಯ ನಾಟಕ ಮಾಡುತ್ತಿರಲಿಲ್ಲ.

ನಮ್ಮ ಗುಮಾಸ್ತರು ಹೋದರು. ಹೆಂಡತಿ ಬರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ತಲೆ ಬಾಚಿ, ನಮ್ಮ ಜೊತೆಗೇ ಊಟಕ್ಕೆ ಕೂತರು. ಎಲ್ಲರಿಗೂ ಒಂದೇ ಸಾಲು. ಬಡಿಸುವವನು ಇವರ ಎಲೆಗೂ ಉಂಡಿ ಹಾಕಿದ. ಅವರು ಬೇರೆ ಏನನ್ನೂ ಮುಟ್ಟದೆ ಮೊದಲು ಅದನ್ನು ಮುರಿದರು. ಮೂಸಿದರು. ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ದೂರದಲ್ಲಿ ನಿಂತ ಅಧ್ಯಕ್ಷರೂ ನೋಡುತ್ತಿದ್ದರು. ಇವರು ಅವರತ್ತ ತಿರುಗಿ ತಲೆಯಾಡಿಸಿದರು, ಚೆನ್ನಾಗಿದೆ ಎಂಬಂತೆ. ಅಧ್ಯಕ್ಷರ ಮುಖ ಅರಳಿತು.

ಹೊರಗೆ ಬಂದು ಕೈ ತೊಳೆಯುವಾಗ ಕೇಳಿದೆ, "ಹೆಂಗಿತ್ರಿ ಸರ?"

"ಹದಾ ಬರೋಬ್ಬರಿ ಬಂದದ ಅಕ್ಕೋರ. ಒಣದ್ರಾಕ್ಷಿ ವಾಸನಿ ಅದ. ನಾ ಕಲಿಸಿದಂಗೇ ಮಾಡ್ಯಾರ."

ನಳ ಬಿಟ್ಟೇ ಇತ್ತು. ಅವರು ಕೈಯನ್ನು ನೀರಿಗೆ ಹಿಡಿದೇ ನಿಂತಿದ್ದರು.

"ಕೆಡಬೇಕಿತ್ರಿ. ನಾ ಇಲ್ಲದ ಪೆಟ್ಟಿಗಿ ಕೆಡ್ತದಂತ ತಿಳಿದಿದ್ದೆ. ಕೆಟ್ಟಿದ್ರ ಕರೀತಿದ್ರು. ಕೆಟ್ಟಿದ್ರ ನಾ ಬದುಕ್ತಿದ್ದೆ."

ಹಿಂದೆ ಜನ ಸಾಲಾಗಿ ನಿಂತಿದ್ದರು. ನಾನೇ ನಳ ತಿರುವಿ ನಿಲ್ಲಿಸಿದೆ.

ಮದುವೆಯಾದ ಮೇಲೆ ಉಂಡಿಗೆ ಬೇಡಿಕೆ ಇನ್ನೂ ಹೆಚ್ಚಿತು. ಒಂದು ಮದುವೆಯ ಹಿಂದೆ ಇನ್ನೊಂದು ಬರುತ್ತಿತ್ತು, ಪ್ರತಿ ಮದುವೆಗೂ ಬೀಗರು ಇರುತ್ತಿದ್ದರು. "ಆಮ್ಯಾಲೆ ನೋಡೂಣು" ಎಂದ ದಿನ ಬರಲೇ ಇಲ್ಲ. ಇವರು ಎಂದೂ ಹೋಗಿ ಕೇಳಲಿಲ್ಲ. ಸಂಘದವರು ದಾರಿಯಲ್ಲಿ ಸಿಕ್ಕರೆ ನಿಂತು ಆರೋಗ್ಯ ವಿಚಾರಿಸುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಒಂದು ಸೋಮವಾರ, ಶಿಕ್ಷಕರೆಲ್ಲ ಕೂತಿದ್ದಾಗ ಅವರು ಸುಮ್ಮನೆ ಹೇಳಿದರು, "ನನ್ನ ಕೋಕೋ ಗಿಡ ಎಲ್ಲಾ ಹೋದ್ವು. ಬಿಸಿಲಿಗೆ ಒಣಗಿದ್ವು."

ಎಲ್ಲರೂ ಒಪ್ಪಿಕೊಂಡರು. ನಾವು ಮೊದಲೇ ಹೇಳಿರಲಿಲ್ಲವೇ ಎಂದವರೂ ಇದ್ದರು. ಈ ಭಾಗದ ಬಿಸಿಲಿಗೆ ಅದೆಲ್ಲ ಬಾಳುವುದಿಲ್ಲ ಎಂದು ಚರ್ಚೆ ನಡೆಯಿತು. ಅವರೂ ಹೌದು ಹೌದು ಎಂದರು. ನಾನು ಹಿಂದಿನ ವಾರವಷ್ಟೇ ಆ ತೋಟಕ್ಕೆ ಹೋಗಿದ್ದೆ. ಗಿಡಗಳು ದಟ್ಟ ಹಸಿರಾಗಿದ್ದವು, ಕಾಂಡದ ಮೇಲೆ ಸಣ್ಣ ಬಿಳಿ ಹೂವಿತ್ತು. ಎಲ್ಲರೂ ಎದ್ದು ಹೋದ ಮೇಲೆ ಅವರ ಮೇಜಿನ ಹತ್ತಿರ ಹೋದೆ. ಅಂಗೈ ತುಂಬ ಬೊಬ್ಬೆ.

"ನೀವೇ ಕಡಿದ್ರೇನ್ರಿ?"

"ಹೌದ್ರಿ."

"ಮತ್ತ ಬಿಸಿಲು ಅಂತ ಯಾಕ ಹೇಳಿದ್ರಿ?"

"ಬಿಸಿಲು ಅಂದ್ರ ಯಾರೂ ಮುಂದ ಕೇಳಂಗಿಲ್ಲ ಅಕ್ಕೋರ. ಖರೇ ಹೇಳಿದ್ರ, ಅವನ ಹೆಸರು ತಗೀಬೇಕಾಗ್ತದ. ಅವ ನನ್ನ ದೋಸ್ತ."

ಅದಾದ ಮೇಲೆ ಕಚೇರಿಯಲ್ಲಿ ಹುಳಿ ವಾಸನೆ ಹೋಯಿತು. ಸ್ವಲ್ಪ ದಿನಕ್ಕೆ ಅತ್ತರೂ ನಿಂತಿತು. ಮಾತು ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ. ಹೊಸಬರು ಬಂದರೆ ಆದೇಶದ ಪ್ರತಿ ಪಡೆದು, ಓದಿ, ಸೀಲು ಹಾಕಿ ಕೊಡುತ್ತಿದ್ದರು. ಎಲ್ಲರೂ ಅವರನ್ನು ಈಗ ಶಾಂತ ಸ್ವಭಾವದವರು ಎನ್ನತೊಡಗಿದರು. ಅವರು ನಿವೃತ್ತರಾದ ಹೊತ್ತಿಗೆ ನನಗೆ ಮುದನಾಳದ ಕಡೆ ವರ್ಗವಾಗಿತ್ತು, ಬೀಳ್ಕೊಡುಗೆಗೆ ಹೋಗಲಾಗಲಿಲ್ಲ. ಫೋನು ಮಾಡಿದರೆ, "ಅರಾಮ ಅದೀವ್ರಿ" ಎಂದು ಇಟ್ಟುಬಿಡುತ್ತಿದ್ದರು.

ಅವರದು ಹೃದಯ ನಿಂತ ಸಾವು. ಕುರ್ಚಿಯಲ್ಲಿ ಕೂತವರು ಕೂತಂತೆಯೇ ಹೋದರಂತೆ. ಮಣ್ಣು ಮಾಡುವಾಗ ಸಂಘದವರೆಲ್ಲ ಬಂದಿದ್ದರು, ಅಧ್ಯಕ್ಷರು ಮಗುವಿನ ಹಾಗೆ ಅತ್ತರು ಎಂದು ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದರು. ನಾನು ಬಸ್ಸು ಹಿಡಿದು ಹೋದದ್ದು ಅದೆಲ್ಲ ಮುಗಿದು ಬಹಳ ದಿನದ ಮೇಲೆ.

ಮನೆಗೆ ಬೀಗ ಹಾಕಿತ್ತು. ತೋಟದಲ್ಲಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ಹೋದೆ. ತೆಂಗು ಹಾಗೆಯೇ ಇತ್ತು. ಅದರ ಕೆಳಗೆ ಸಾಲಾಗಿ ಕೋಕೋ ಬೊಡ್ಡೆಗಳು, ಮೊಣಕಾಲೆತ್ತರಕ್ಕೂ ಕೆಳಗೆ ಕಡಿದವು. ಅವರ ಹೆಂಡತಿ ಒಂದು ಬೊಡ್ಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದುಕೊಂಡರು.

"ಏನು ಮಾಡಾಕತ್ತೀರಿ ಇಲ್ಲಿ?" ಎಂದು ಕೇಳಿದೆ.

"ಚಿಗುರು ಚಿವುಟಾಕತ್ತೇನ್ರಿ."

ಬಗ್ಗಿ ನೋಡಿದೆ. ಕಡಿದ ಬೊಡ್ಡೆಯ ಪಕ್ಕದಿಂದ ಎಳೆಯ ಕುಡಿಗಳು ಎದ್ದಿದ್ದವು. ಕೋಕೋದ ಹೊಸ ಎಲೆ ಹಸಿರಿರುವುದಿಲ್ಲ. ತಿಳಿಗೆಂಪು, ಒದ್ದೆ ಬಟ್ಟೆಯಂತೆ ಮೆತ್ತಗೆ ಜೋತುಬಿದ್ದಿರುತ್ತದೆ.

"ಬೇರು ಸತ್ತಿಲ್ಲ ಅಕ್ಕೋರ. ಕಡದ ಮ್ಯಾಲೂ ಬರ್ತಾವ. ಅವರು ಇದ್ದಾಗ ದಿನಾ ಬಂದು ಚಿವುಟ್ತಿದ್ರು. ಒಂದು ದಿನ ಬಿಡ್ತಿದ್ದಿಲ್ಲ. ಬಿಡ್ರಿ, ಒಂದು ಬೆಳೀಲಿ, ಕಣ್ಣಿಗೆ ಛಂದ ಕಾಣ್ತದ ಅಂದೆ. ಬೆಳದ್ರ ಕಾಯಿ ಬಿಡ್ತದ, ಕಾಯಿ ಬಿಟ್ರ ನನಗ ಮತ್ತ ಆಸಿ ಹುಟ್ತದ, ಬ್ಯಾಡ ಅಂದ್ರು." ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ಈಗ ಅವರಿಲ್ಲ. ನಾ ಬಿಟ್ರ ಬೆಳೀತಾವ. ಯಾರ ಸಲುವಾಗಿ ಬೆಳೀಬೇಕ್ರಿ?"

ಮತ್ತೆ ಕೂತು ಮುಂದಿನ ಬೊಡ್ಡೆಗೆ ಸರಿದರು. ಸಾಲು ಉದ್ದವಿತ್ತು. ನಾನು ಚೀಲವನ್ನು ತೆಂಗಿನ ಬುಡಕ್ಕೆ ಇಟ್ಟು, ಸೀರೆ ಎತ್ತಿಕಟ್ಟಿ, ಆಚೆ ಕೊನೆಯಿಂದ ಶುರುಮಾಡಿದೆ. ಎಳೆಯದಾದ್ದರಿಂದ ಉಗುರಿಗೆ ಸುಲಭವಾಗಿ ಬರುತ್ತಿದ್ದವು.